ರಟ್ಟಿ ನೋವು ಯಾಕ ಮುಚ್ಚಿಟ್ಟಿ ಅವ್ವಾ?

ಕೋಪನ್‌ಹೇಗನ್, ಜೂನ್ 16

ಅವ್ವಗ, ಅಪ್ಪಗ ಶರಣು. ನಾ ಆರಾಮ ಅದೀನಿ.

ಬಸಣ್ಣ ಬರದದ್ದು ಓದಿ ರಾತ್ರಿ ನಿದ್ದಿ ಹತ್ತಲಿಲ್ಲ. ಬಲಗಡೆ ರಟ್ಟಿ ಮ್ಯಾಲೆತ್ತಾಕ ಬರವಲ್ದು, ತಲಿ ಬಾಚಾಕೂ ವೈನಿ ಬೇಕು ಅಂತ ಬರದಾನ. ಫೋನಿನ್ಯಾಗ ಮೂರು ಸಲ ಕೇಳಿದೆ. ಮೂರೂ ಸಲ "ಆರಾಮ ಅದೀನಿ ಬಿಡೋ" ಅಂದಿ.

ನಿನ್ನೆ ಇಲ್ಲಿ ಡೆನ್ಮಾರ್ಕಿನ್ಯಾಗ ಧ್ವಜದ ದಿನ, ವಾಲ್ಡೆಮಾರ್ ದಿನ ಅಂತಾರ. 1219ರಾಗ ಇವರ ರಾಜ ವಾಲ್ಡೆಮಾರ್ ಎಸ್ಟೋನಿಯಾದಾಗ ಕಾಳಗಕ್ಕ ನಿಂತಿದ್ದ. ಇನ್ನೇನು ಸೋತ್ರು ಅನ್ನೂದ್ರಾಗ ಬಿಳಿ ಶಿಲುಬಿಯ ಕೆಂಪು ಧ್ವಜ ಆಕಾಶದಿಂದ ಬಿತ್ತಂತ, ಗೆದ್ದರಂತ. ಕಥಿ ಅಂತ ಗೊತ್ತಿದ್ರೂ ಹೇಳುವಾಗ ಕಣ್ಣು ಅರಳತಾವ. ಸೂಟಿ ಇರಂಗಿಲ್ಲ. ಧ್ವಜದ ಮ್ಯಾಲೆ ಎಷ್ಟು ಪ್ರೀತಿ ಅಂದ್ರ ಹುಟ್ಟುಹಬ್ಬದ ಕೇಕಿಗೂ ಚುಚ್ಚತಾರ. ರಾಜನ ಹುಟ್ಟುಹಬ್ಬಕ್ಕ ಸಿಟಿ ಬಸ್ಸಿಗೂ ಕಟ್ಟತಾರ!

ಹೊತ್ತು ಮುಳುಗೂದ್ರಾಗ ಇಳಸಬೇಕು, ನೆಲಕ್ಕ ತಾಗಬಾರದು. ಈಗ ಹೊತ್ತು ಮುಳುಗೋದು ರಾತ್ರಿ ಹತ್ತಕ್ಕ. ಬಾಜೂಮನಿ ಅಜ್ಜ ಒಂದು ಚುಂಗು ಹಿಡಿ ಅಂದ. ಕೈಗೆ ನುಣುಪು, ಜಾರತಿತ್ತು. ನಿನ್ನ ಬಟ್ಟಿಯ ಒರಟು ಅದಕ್ಕಿಲ್ಲ. ನಮ್ಮ ಧ್ವಜದ ಬಟ್ಟಿ ಕೈಲೇ ನೂತು ಕೈಲೇ ನೇಯ್ತಾರ, ನಮ್ಮವ್ವ ತುಳಸಿಗೇರಿಯಾಗ ನೇಯ್ತಾಳ, ಹುಬ್ಬಳ್ಳಿ ಬೆಂಗೇರಿಯಾಗ 24 ಗೆರಿ ಚಕ್ರ ಒತ್ತಿ ಹೊಲಿತಾರ, ದೊಡ್ಡದು 21 ಫೂಟು ಉದ್ದ, 14 ಫೂಟು ಅಗಲ ಅಂದೆ. ಅಜ್ಜ ಬಟ್ಟಿ ಮಡಚೂದು ಬಿಟ್ಟು ನಿಂತ. "ಹಂಗಾದ್ರ ನಿಮ್ಮವ್ವನ ಕೈ ಭಾಳ ಗಟ್ಟಿ ಇರಬೇಕು" ಅಂದ. ನನಗ ಬಾಯಿ ಬರಲಿಲ್ಲ.

ಲಾಳಿ ಎಳೆಯೋ ಕೈನ ಅಲ್ಲೇನು ಅದು? 2021ರ ಕೊನಿಗೆ ಪಾಲಿಸ್ಟರ್ ಧ್ವಜಕ್ಕೂ ಸರ್ಕಾರ ಒಪ್ಪಿದಾಗಿಂದ ಕೆಲಸ ಹೋದೀತು ಅನ್ನೋ ಅಂಜಿಕಿ ನಿನಗ. ಅದಕ್ಕ ಆಗಸ್ಟ್ 15 ಮುಗಿಯೂ ತನಕ ಮಗ್ಗ ಬಿಟ್ಟು ಏಳಂಗಿಲ್ಲ. ಗೊತ್ತೈತಿ. ಆದ್ರ ಈ ಸಲ ನನ್ನ ಮಾತು ನಡಸು. 15,000 ರೂಪಾಯಿ ಹಾಕೀನಿ. ಶುಕ್ರವಾರನ ಬಾಗಲಕೋಟಿಗೆ ಹೋಗಿ ಎಲುಬಿನ ಡಾಕ್ಟರಿಗೆ ತೋರಸು, ಎಕ್ಸ್‌ರೇ ತಗಸು. ಅಣ್ಣನ ಗಾಡಿ ಬ್ಯಾಡ, ದಕ್ಕಿ ಹತ್ತತಾವ, ಬಸ್ಸಿನ್ಯಾಗ ಹೋಗ್ರಿ. ಏನೂ ಆಗಿರಂಗಿಲ್ಲ, ಅಂಜಬ್ಯಾಡ. ನನ್ನ ಕಡೆ ರೊಕ್ಕ ಬೇಕಾದಷ್ಟು ಐತಿ, ಎರಡೂ ಹೊತ್ತು ಉಣ್ಣತೀನಿ, ಥಂಡಿನೂ ಇಲ್ಲ, ನನ್ನ ಚಿಂತಿ ಒಟ್ಟ ಮಾಡಬ್ಯಾಡ.

ಅಪ್ಪ ಬಿ.ಪಿ. ಗುಳಿಗಿ ತಪ್ಪಸಬಾರದು. ಡ್ಯೂಟಿಗೆ ಹೊತ್ತಾತು, ಬಸ್ಸು ಬಂತು. ಡಾಕ್ಟರ್ ಏನಂದ್ರು ಅನ್ನೋದನ್ನ ವೈನಿ ಬರೀಲಿ, ನೀ ಹೇಳಬ್ಯಾಡ.

ನಿನ್ನ ಮಗ,
ಮಲ್ಲು