ಹೊಗೆ ಅಲ್ಲಿನದು, ಗಿರಾಕಿ ನಾವು

ಮಾನ್ಯ ಸಂಪಾದಕರೇ,

ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂತಾನ್‌ಗಳಲ್ಲಿ ಬೆಂಕಿ ಬಿದ್ದು ಸಿಂಗಪುರ, ಮಲೇಷ್ಯಾಗಳಿಗೆ ಹೊಗೆ ಕವಿದಾಗ ನಮ್ಮ ಪತ್ರಿಕೆಗಳಲ್ಲಿ ಒಂದು ಫೋಟೊ, ನಾಲ್ಕು ಸಾಲು ಬರುತ್ತದೆ. ತಾಳೆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ ಎಂಬುದು ಮಾತ್ರ ಆ ಸಾಲುಗಳಲ್ಲಿ ಇರುವುದಿಲ್ಲ.

ಅಲ್ಲಿ ಉರಿಯುವುದು ಬರೀ ಮರವಲ್ಲ, ನೆಲ. ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ನೀರಿನಡಿ ಕೂತ ಸೊಪ್ಪುಸದೆಯ ಪೀಟ್ ಜೌಗು ಅದು. ತಾಳೆ ತೋಟಕ್ಕೋ, ಕಾಗದದ ತಿರುಳಿನ ಅಕೇಶಿಯಾಕ್ಕೋ ಕಾಲುವೆ ತೋಡಿ ನೀರು ಬಸಿದರೆ ಬೆರಣಿಯ ಹಾಗೆ ಒಣಗುತ್ತದೆ. ಒಮ್ಮೆ ಹೊತ್ತಿದರೆ ಮೇಲೆ ನೀರು ಸುರಿದರೂ ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. ಯಂತ್ರ ತಂದು ನೆಲ ಹಸನು ಮಾಡುವುದಕ್ಕಿಂತ ಕಡ್ಡಿ ಗೀರುವುದು ಅಗ್ಗ.

2013ರ ಜೂನ್‌ನಲ್ಲಿ ಸಿಂಗಪುರದ ಮಾಲಿನ್ಯ ಸೂಚ್ಯಂಕ 401 ಮುಟ್ಟಿತು. 300 ದಾಟಿದರೇ ಅಪಾಯ. 2015ರಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ಅಂಥ ದಿನಗಳಲ್ಲಿ ಕಿಟಕಿಯಾಚೆ ಬಿದಿರುಗಳಕ್ಕೆ ಹಾಕಿದ ಬಟ್ಟೆ ಸುಟ್ಟ ವಾಸನೆ ಹೊತ್ತು ಒಳಗೆ ಬರುತ್ತದೆ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಬೇಕಾಗುತ್ತದೆ. ಆದರೂ ಸಿಂಗಪುರದಲ್ಲಿರುವ ನಾವು ಎ.ಸಿ. ಹಾಕಿಕೊಂಡು ಕೂರುವವರು. ಕಾಲಿಮಂತಾನ್‌ನ ಪಾಲಂಕರಾಯದಲ್ಲಿ ಅದೇ 2015ರಲ್ಲಿ ಸೂಚ್ಯಂಕ ಸಾವಿರ ದಾಟಿತ್ತು.

ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ಹೊಗೆ ತಡೆ ಒಪ್ಪಂದಕ್ಕೆ ಸಹಿ ಬಿದ್ದದ್ದು 2002ರಲ್ಲಿ. ಇಂಡೋನೇಷ್ಯಾ ಅದನ್ನು ಅನುಮೋದಿಸಿದ್ದು 2014ರಲ್ಲಿ! ಮರುವರ್ಷ ಅಲ್ಲಿನ ಉಪಾಧ್ಯಕ್ಷ ಯೂಸುಫ್ ಕಲ್ಲಾ ಅವರು, ವರ್ಷದ 11 ತಿಂಗಳು ನಮ್ಮಿಂದ ಒಳ್ಳೆ ಗಾಳಿ ಪಡೆದದ್ದಕ್ಕೆ ನೆರೆಯವರು ಧನ್ಯವಾದ ಹೇಳಲಿಲ್ಲ ಎಂದು ಆಕ್ಷೇಪಿಸಿದರು. ಏನು ಹೇಳೋಣ. ಸಿಂಗಪುರವೂ 2014ರಲ್ಲಿ ಗಡಿಯಾಚೆ ಬೆಂಕಿ ಹಚ್ಚುವ ಕಂಪನಿಗಳಿಗೆ ದಂಡ ಹಾಕುವ ಕಾಯ್ದೆ ತಂದಿತು. ಆದರೆ ಸಾಕ್ಷ್ಯವೆಲ್ಲ ಪಕ್ಕದ ದೇಶದಲ್ಲಿದ್ದರೆ ಹಿಡಿಯುವುದು ಹೇಗೆ?

ಹಾಗಾಗಿ ಕೊಳ್ಳುವವರೇ ಕೇಳಬೇಕು. ಕಾಡು ಕಡಿದ ನೆಲದ ತಾಳೆ ಎಣ್ಣೆ ಬೇಡವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯನ್ನು ಮುಂದೂಡುತ್ತಾ ಬಂದಿತು, ಅದು ಬೇರೆ ಮಾತು. ನಾವೋ ಬೆಲೆಯನ್ನಷ್ಟೇ ಕೇಳುತ್ತೇವೆ. ಬಿಸ್ಕತ್ತು, ಚಿಪ್ಸ್ ಪೊಟ್ಟಣದ ಹಿಂದೆ ಪಾಮೋಲಿನ್ ಎಂದಿರುತ್ತದೆ, ಯಾವ ತೋಟದ್ದು ಎಂದಿರುವುದಿಲ್ಲ. ಬಡವರ ಒಗ್ಗರಣೆಯನ್ನು ತುಟ್ಟಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲರಿಗಿಂತ ದೊಡ್ಡ ಗಿರಾಕಿಯೇ ಲೆಕ್ಕ ಕೇಳಿದರೆ ಮಾರುವವನು ಕೊಡದೆ ಇರಲಾರ. ಎಣ್ಣೆ ಯಾವ ತೋಟದಿಂದ ಬಂತೆಂಬ ವಿವರವನ್ನು ಕೇಂದ್ರ ಸರ್ಕಾರ ಆಮದಿನ ಕಾಗದಪತ್ರದಲ್ಲೇ ಕಡ್ಡಾಯ ಮಾಡಲಿ. ನಮ್ಮ ಸಂಸದರಲ್ಲಿ ಒಬ್ಬರಾದರೂ ಇದನ್ನು ಲೋಕಸಭೆಯಲ್ಲಿ ಎತ್ತುತ್ತಾರೆಯೇ?

– ಸಿಂಗಪುರದಲ್ಲಿ ನೆಲೆಸಿರುವ ಓದುಗ