ಟಾರ್ಚಿಗೆ ಸೆಲ್ ತರುವ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಭದ್ರಾ ನಾಲೆಯ ನೀರು ಕಟ್ಟಲು ರಾತ್ರಿ ಗದ್ದೆಗೆ ಹೋಗುವವರು ಚಾರ್ಜ್ ಆಗುವ ಸೆಲ್ ಬಗ್ಗೆ ಕೇಳುತ್ತಿದ್ದೀರಿ. ದಾವಣಗೆರೆಗೆ ಹೋಗಿ ತರುವ ಮುಂಚೆ ಇಷ್ಟು ಗೊತ್ತಿರಲಿ.

ಪೆನ್ ಸೆಲ್ ಹಾಕುವ ಟಾರ್ಚಾದರೆ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಗೊಳ್ಳಿ. ಮೇಲೆ 1.2 ವೋಲ್ಟ್ ಅಂತ ಇರುತ್ತದೆ. ಮಾಮೂಲಿ ಸೆಲ್ 1.5 ವೋಲ್ಟ್ ಅಲ್ವಾ, ಇದು ಕಡಿಮೆ ಅಂತ ಹಿಂಜರಿಯಬೇಡಿ. ಎಲ್‌ಇಡಿ ಟಾರ್ಚಿಗೆ ಸಾಮಾನ್ಯವಾಗಿ ಇದು ಸಾಕು. ‘ಲೋ ಸೆಲ್ಫ್ ಡಿಸ್‌ಚಾರ್ಜ್’ ಇರುವುದನ್ನೇ ಕೇಳಿ. ತಿಂಗಳುಗಟ್ಟಲೆ ಸುಮ್ನೆ ಇಟ್ಟರೂ ಚಾರ್ಜ್ ಉಳಿಯುತ್ತದೆ.

ಜಾಸ್ತಿ ಬೆಳಕಿನ ಟಾರ್ಚುಗಳಿಗೆ 18650 ಲಿಥಿಯಂ ಸೆಲ್ ಬರುತ್ತದೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, 3.7 ವೋಲ್ಟ್. ಇದರಲ್ಲೇ ಮೋಸ ಜಾಸ್ತಿ. 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಲೆಕ್ಕ) ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಒಳ್ಳೆಯ ಸೆಲ್ಲೇ 3500 ಎಂಎಎಚ್ ಆಸುಪಾಸು ಇರುತ್ತದೆ. ಹೋದ ಮಳೆಗಾಲದಲ್ಲಿ ಅಂಥ ಮೋಸದ ಸೆಲ್ ತಂದು, ಟಾರ್ಚ್ ಆರಿಹೋಗಿ ಬದುವಿನ ಮೇಲೆ ಕತ್ತಲಲ್ಲಿ ನಿಂತಿದ್ದೆ. ಹಾವು ಓಡಾಡುವ ಜಾಗ ಅದು. ಆ ಭಯ ಇನ್ನೂ ಹೋಗಿಲ್ಲ.

ಚಾರ್ಜರಿಗೆ ದುಡ್ಡು ಉಳಿಸಬೇಡಿ. ಒಂದೊಂದು ಸೆಲ್ಲಿಗೂ ಬೇರೆ ಬೇರೆ ದೀಪ ಇರಬೇಕು, ತುಂಬಿದ ಮೇಲೆ ತಾನೇ ನಿಲ್ಲಬೇಕು. ಬರೀ ಪೆನ್ ಸೆಲ್ಲಿನ ಚಾರ್ಜರಿಗೆ ಲಿಥಿಯಂ ಸೆಲ್ ಹಾಕಲೇಬೇಡಿ. ಎರಡೂ ಚಾರ್ಜ್ ಆಗುವ ರೀತಿಯೇ ಬೇರೆ, ಲಿಥಿಯಂ 4.2 ವೋಲ್ಟಿಗೆ ನಿಲ್ಲಲೇಬೇಕು. ಮೀರಿದರೆ ಬೆಂಕಿ ಹತ್ತಬಹುದು.

ಹಳೇ ಸೆಲ್ ಜೊತೆ ಹೊಸದನ್ನು ಸೇರಿಸಬೇಡಿ. ಯಾವುದು ತಗೊಳ್ಳಬೇಕು ಅಂತ ಅನುಮಾನ ಬಂದರೆ ಅಂಗಡಿಯಿಂದಲೇ ಫೋಟೋ ಹಾಕಿ, ನೋಡಿ ಹೇಳುತ್ತೇನೆ.