ಐದು ವರ್ಷದ ಮಗುವಿಗೆ ಪ್ರಾರ್ಥನೆಯಲ್ಲಿ ‘ಸಿ’ ಗ್ರೇಡ್: ಶಾಲೆಯ ಸಂಚಾಲಕರಿಗೊಂದು ದೂರು ಪತ್ರ

ಮಂಗಳೂರು
ಸೆಪ್ಟೆಂಬರ್ 15, 2025

ಇವರಿಗೆ,
ಸಂಚಾಲಕರು ಹಾಗೂ ಮುಖ್ಯೋಪಾಧ್ಯಾಯಿನಿಯವರು,
ಕಿಂಡರ್‌ಗಾರ್ಟನ್ ವಿಭಾಗ

ವಿಷಯ: ಯುಕೆಜಿ ‘ಬಿ’ ವಿಭಾಗದ ಪಾಠ, ಟೀಚರ್‌ಗಳ ಬದಲಾವಣೆ ಮತ್ತು ಪ್ರಗತಿ ಪತ್ರದ ಬಗ್ಗೆ ದೂರು.

ಮಾನ್ಯರೇ,

ಮೊನ್ನೆ ಶನಿವಾರ ನನ್ನ ಮಗಳ ಪ್ರಗತಿ ಪತ್ರ ಕೈಗೆ ಬಂತು. ಇಂಗ್ಲಿಷ್ ಬಿ, ಲೆಕ್ಕ ಎ, ಚಿತ್ರ ಎ. ಕೊನೆಯ ಸಾಲಿನಲ್ಲಿ ‘ಪ್ರೇಯರ್ ಆಂಡ್ ಬೈಬಲ್ ವರ್ಸ್’ ಎಂದಿತ್ತು. ಅದರ ಎದುರು ಕೆಂಪು ಶಾಯಿಯಲ್ಲಿ ಸಿ.

ಅಂದರೆ ನನ್ನ ಮಗಳು ಪ್ರಾರ್ಥನೆಯಲ್ಲಿ ಹಿಂದೆ ಬಿದ್ದಿದ್ದಾಳೆ.

ಕಾರಣ ಕೇಳಿದೆ. ಎಲ್ಲರ ಎದುರು ನಿಂತು ಇಂಗ್ಲಿಷಿನಲ್ಲಿ ಪೂರ್ತಿ ಹೇಳಲಿಲ್ಲ, ಅರ್ಧಕ್ಕೇ ಕನ್ನಡಕ್ಕೆ ಹೋಗಿಬಿಟ್ಟಳು ಎಂದರು. ಸರಿಯೇ. ಮನೆಯಲ್ಲಿ ಅವಳು ಹೇಳುವುದು ಕನ್ನಡದಲ್ಲಿ. ರಾತ್ರಿ ಮಲಗುವ ಮೊದಲು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡಿದರೆ ‘ಅನುದಿನದ ಆಹಾರ’ ಎಂಬ ಸಾಲು ಬರುವವರೆಗೆ ಒಂದೇ ಉಸಿರು. ಅಲ್ಲಿ ನಿಲ್ಲುತ್ತಾಳೆ. ನಾಳೆ ಬಂಗುಡೆ ಉಂಟಾ ಅಂತ ನನ್ನನ್ನು ಕೇಳಿಕೊಂಡು ಮುಂದೆ ಹೋಗುತ್ತಾಳೆ. ನನ್ನ ಅತ್ತೆ ಬಹಳ ವರ್ಷ ಬಾಲವಾಡಿ ಟೀಚರ್ ಆಗಿದ್ದವರು. ಸಿ ಗ್ರೇಡ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನೋಡಿದರು. "ಇದಕ್ಕೆ ಪೇಪರ್ ತಿದ್ದಿದ್ದು ಯಾರು, ದೇವರಾ?" ಎಂದು ಕೇಳಿದರು. ನಾನು ನಕ್ಕೆ. ಆಮೇಲೆ ಸಿಟ್ಟು ಬಂತು. ಆದ್ದರಿಂದ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ನಾವೂ ಕ್ರೈಸ್ತರೇ. ನಿಮ್ಮ ಶಾಲೆಯನ್ನು ಆರಿಸಿಕೊಂಡದ್ದು ಆ ಕಾರಣಕ್ಕೂ ಹೌದು. ಮನೆಯಿಂದ ಎರಡು ಸ್ಟಾಪ್ ಹತ್ತಿರದಲ್ಲಿ ಇನ್ನೊಂದು ಶಾಲೆ ಇತ್ತು, ಫೀಸೂ ಕಡಿಮೆ. ಅದನ್ನು ಬಿಟ್ಟು ಇಲ್ಲಿಗೆ ಬಂದೆವು. ಬಂದದ್ದಕ್ಕೆ ಮೊದಲ ವರ್ಷ ಒಂದು ದಿನವೂ ಬೇಸರಪಟ್ಟಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಯಾಕೆಂದರೆ ನೀವು ಕಳೆದುಕೊಂಡದ್ದು ಏನು ಎಂಬುದು ನಿಮಗೇ ಗೊತ್ತಿಲ್ಲ ಅನಿಸುತ್ತದೆ.

ಎಲ್‌ಕೆಜಿಯಲ್ಲಿದ್ದ ಟೀಚರ್ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಲೆಕ್ಕಕ್ಕೆ ಹುಣಸೆ ಬೀಜ. ಬಣ್ಣಕ್ಕೆ ಗೇಟಿನ ಬಳಿಯ ದಾಸವಾಳ. ಒಂದು ಕುರಿ ಕಳೆದುಹೋದಾಗ ಕುರುಬ ಉಳಿದವನ್ನೆಲ್ಲ ಬಿಟ್ಟು ಅದನ್ನು ಹುಡುಕಲು ಹೋಗುವ ಬೈಬಲ್ ಕಥೆ ಹೇಳುವ ದಿನ ಹತ್ತಿಯಲ್ಲಿ ಕುರಿಗಳನ್ನು ಮಾಡಿ, ಒಂದನ್ನು ಎಲ್ಲೋ ಅಡಗಿಸಿಟ್ಟಿದ್ದರು. ಮಕ್ಕಳು ಬೆಂಚಿನ ಕೆಳಗೆ, ಚಪ್ಪಲಿ ರ‍್ಯಾಕಿನಲ್ಲಿ, ಕೊನೆಗೆ ಆಯಮ್ಮನ ಸೆರಗಿನಲ್ಲೂ ಹುಡುಕಿದರಂತೆ. ಸಿಕ್ಕಿದ್ದು ಕಿಟಕಿ ಮೇಲೆ. ಆವತ್ತು ನನ್ನ ಮಗಳು ಮನೆಗೆ ಬಂದು, "ಅಮ್ಮಾ, ಉಳಿದ ಕುರಿಗಳು ಪಾಪ ಅವಷ್ಟೇ ಇದ್ವಲ್ಲ, ಅವನ್ನು ಯಾರು ನೋಡಿಕೊಂಡರು?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಜುಲೈ ಮಳೆಯಲ್ಲಿ, ಪ್ರಳಯದಿಂದ ಪ್ರಾಣಿಗಳನ್ನು ಉಳಿಸಿದ ನೋಹನ ನಾವೆಯ ಕಥೆ. ಕಡ್ಡಿಪೆಟ್ಟಿಗೆಯ ದೋಣಿ, ಅದರೊಳಗೆ ಅಕ್ಕಿ ಕಾಳಿನಷ್ಟು ಸಣ್ಣ ಮಣ್ಣಿನ ಪ್ರಾಣಿಗಳು. ಹೊರಗೆ ಧೋ ಅಂತ ಸುರಿಯುತ್ತಿತ್ತು. ನೇತ್ರಾವತಿ ನೀರು ಇಲ್ಲಿಯವರೆಗೆ ಬಂದರೆ ನಮಗೂ ದೋಣಿ ಇದೆಯಾ ಎಂದು ಮಕ್ಕಳು ಕೇಳಿದರಂತೆ. ಮರುದಿನ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರು. ಮಕ್ಕಳೆಲ್ಲ ಅದು ನೋಹನಿಂದಲೇ ಸಿಕ್ಕ ರಜೆ ಎಂದು ನಂಬಿದ್ದರು.

ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ಮಧ್ಯಾಹ್ನ ಗೇಟಿನ ಬಳಿ ಕಾಯುವಾಗ ನಾವು ತಾಯಂದಿರು ಮಾತಾಡುವುದು ಇದನ್ನೇ. ಮಗಳ ಪಕ್ಕದಲ್ಲಿ ಕೂರುವ ಹುಡುಗ ಬ್ಯಾರಿ ಮುಸ್ಲಿಮರ ಮನೆಯವನು. ಅವನು ದೋಣಿಯ ಕಥೆ ಹೇಳಿದಾಗ ಅವನ ಅಜ್ಜಿ, "ಅಯ್ಯೋ, ಇದು ನಮ್ಮ ನೂಹ್ ನಬಿಯ ಕಥೆ" ಎಂದು ಉಳಿದ ಅರ್ಧ ತಾವೇ ಹೇಳಿದರಂತೆ. ಇನ್ನೊಬ್ಬ ಹುಡುಗ ಸಂಜೆ ದೇವರ ದೀಪದ ಎದುರು ಕೈ ಮುಗಿದು ಗಟ್ಟಿಯಾಗಿ ‘ಆಮೆನ್’ ಅಂದನಂತೆ. ಅವನ ತಾಯಿ ಅದನ್ನು ಹೇಳಿಕೊಂಡು ನಕ್ಕರೇ ವಿನಾ ದೂರಲಿಲ್ಲ. ಮೂರು ಮನೆಯವರಿಗೂ ಆ ಟೀಚರ್ ಮೇಲೆ ನಂಬಿಕೆ ಇತ್ತು. ಆ ನಂಬಿಕೆ ಬೋರ್ಡ್ ನೋಡಿ ಬಂದದ್ದಲ್ಲ.

ಈಗ ಯುಕೆಜಿಗೆ ಬರುತ್ತೇನೆ.

ಜೂನ್‌ನಿಂದ ಇಲ್ಲಿಯವರೆಗೆ ‘ಬಿ’ ವಿಭಾಗಕ್ಕೆ ಮೂವರು ಟೀಚರ್‌ಗಳು. ಮೊದಲನೆಯವರು ಜುಲೈ ಎರಡನೇ ವಾರ ಬಿಟ್ಟು ಹೋದರು. ಎರಡನೆಯವರು ಆರು ವಾರ ಇದ್ದರು. ಮೂರನೆಯವರು ಈಗಿನವರು. ಒಂದೇ ಕೋಣೆಯಲ್ಲಿ 46 ಮಕ್ಕಳು, ಒಬ್ಬ ಟೀಚರ್. ಆಯಮ್ಮ ಎರಡು ಕ್ಲಾಸಿಗೆ ಸೇರಿ ಒಬ್ಬರು. ಒಬ್ಬರು ಬಾತ್‌ರೂಮಿಗೆ ಕರೆದುಕೊಂಡು ಹೋದರೆ ಇನ್ನೊಂದು ಕಡೆ ಯಾರೂ ಇಲ್ಲ. ಆಗಸ್ಟ್‌ನಲ್ಲಿ ನನ್ನ ಮಗಳು ಎರಡು ಸಲ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದಳು. ಮಳೆಯಲ್ಲಿ ನೆನೆದದ್ದಲ್ಲ.

ದಯವಿಟ್ಟು ಗಮನಿಸಿ, ಈಗಿನ ಟೀಚರ್ ಮೇಲೆ ನನ್ನ ದೂರಿಲ್ಲ. ಆ ಹುಡುಗಿ ಕಾಲೇಜು ಮುಗಿಸಿ ಎಷ್ಟು ದಿನ ಆಯಿತೋ ಏನೋ. ಪೇರೆಂಟ್ಸ್ ಮೀಟಿಂಗಿನಲ್ಲಿ ನನ್ನ ಮಗಳನ್ನು ಇನ್ನೊಂದು ಮಗುವಿನ ಹೆಸರಿನಿಂದ ಕರೆದರು. "ತುಂಬಾ ಸೈಲೆಂಟ್" ಎಂದರು. ಮನೆಯಲ್ಲಿ ಅವಳ ಬಾಯಿ ಮುಚ್ಚಿಸಲು ನಾವು ನಾಲ್ಕು ಜನ ಬೇಕು. ಆದರೆ 46 ಹೆಸರು ಮೂರು ವಾರದಲ್ಲಿ ಯಾರಿಗೆ ಬರುತ್ತದೆ, ಹೇಳಿ? ಅವರ ಗಂಟಲು ಕೂತುಹೋಗಿತ್ತು. ನನಗೆ ಪಾಪ ಅನಿಸಿತು. ಟೀಚರ್‌ಗಳು ಯಾಕೆ ನಿಲ್ಲುವುದಿಲ್ಲ, ಅವರಿಗೆ ಎಷ್ಟು ಕೊಡುತ್ತೀರಿ ಎಂಬುದು ಆಡಳಿತದ ವಿಷಯ, ನಾನು ಕೇಳಬಾರದೇನೋ. ಆದರೂ ಫೀಸ್ ರಸೀದಿ ನನ್ನ ಹತ್ತಿರ ಇದೆ. 38,500 ರೂಪಾಯಿ. ಹಾಗಾಗಿ ಕೇಳುತ್ತಿದ್ದೇನೆ.

ಪಾಠ ಹೇಗಿದೆ ಅಂದರೆ, ನೋಹ ಈ ವರ್ಷವೂ ಬಂದ. ಈ ಸಲ ಅಚ್ಚು ಹಾಕಿದ ಹಾಳೆಯಲ್ಲಿ ಬಂದ. ನಾವೆಗೆ ಬಣ್ಣ ಹಚ್ಚುವುದು, ಕೆಳಗೆ ಇಂಗ್ಲಿಷಿನಲ್ಲಿ ಅದರ ಸ್ಪೆಲ್ಲಿಂಗ್ ಹತ್ತು ಸಲ ಬರೆಯುವುದು. ಮಗಳು ನಾವೆಗೆ ನೇರಳೆ ಬಣ್ಣ ಹಚ್ಚಿದ್ದಕ್ಕೆ ‘ಮರ ಕಂದು ಬಣ್ಣ’ ಎಂದು ತಿದ್ದಿದ್ದರು. ದಿನಾ ಎರಡು ಪುಟ ಕೂಡಿಸಿ ಬರೆಯುವ ಅಕ್ಷರ, ಒಂದು ಪುಟ ಸಂಖ್ಯೆ. ವಾರಕ್ಕೊಂದು ವಚನ ಬಾಯಿಪಾಠ, ತಿಂಗಳ ಕೊನೆಗೆ ಅದರ ಪರೀಕ್ಷೆ. ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ 2019ರಲ್ಲಿ ಹೊರತಂದ ಪ್ರೀ ಸ್ಕೂಲ್ ಮಾರ್ಗಸೂಚಿಯಲ್ಲಿ ಈ ವಯಸ್ಸಿನ ಮಕ್ಕಳಿಗೆ ಬರೆಯುವ ಪರೀಕ್ಷೆಯೂ ಬೇಡ, ಬಾಯಿ ಪರೀಕ್ಷೆಯೂ ಬೇಡ ಎಂದು ಇದೆ. ನಿಮ್ಮ ಕಚೇರಿಯಲ್ಲಿ ಅದರ ಪ್ರತಿ ಇಲ್ಲದಿದ್ದರೆ ನಾನೇ ತಂದುಕೊಡುತ್ತೇನೆ.

ಬ್ಯಾಗಿನ ಕಥೆ ಬೇರೆ. ನಮ್ಮ ಮನೆ ಕೆಳಗಿನ ಜೀನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಮೂರು ಕಿಲೋ ಇನ್ನೂರು ಗ್ರಾಂ. ಮಗಳ ತೂಕ ಹದಿನಾರು ಕಿಲೋ. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿ ಪ್ರೀ ಪ್ರೈಮರಿ ಮಕ್ಕಳಿಗೆ ಬ್ಯಾಗೇ ಬೇಡ ಎನ್ನುತ್ತದೆ. ಅಂಗಡಿಯವರು, "ಇದರಲ್ಲಿ ಬೆಲ್ಲ ಇದ್ದರೆ ನಾನು ತಗೊಳ್ತಿದ್ದೆ" ಎಂದರು.

ಬರೆಸುವುದು ಜಾಸ್ತಿ ಆಗಲಿ ಎನ್ನುವ ಪೋಷಕರೂ ಇದ್ದಾರೆ, ಗೊತ್ತು. ಒಬ್ಬ ತಂದೆ ನನ್ನೆದುರೇ ಹೇಳಿದರು, ಒಂದನೇ ಕ್ಲಾಸಿಗೆ ಬೇರೆ ದೊಡ್ಡ ಶಾಲೆಗೆ ಸೇರಿಸಬೇಕು, ಅಲ್ಲಿ ಬರೆಸಿ ನೋಡುತ್ತಾರೆ ಎಂದು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಭಯಕ್ಕೆ ತಕ್ಕಂತೆ ಪಾಠ ಮಾಡುವುದಾದರೆ ಅದನ್ನು ಸೇರಿಸಿಕೊಳ್ಳುವಾಗಲೇ ಹೇಳಬೇಕಿತ್ತು. ನೀವು ಕೊಟ್ಟ ಪ್ರಾಸ್ಪೆಕ್ಟಸ್‌ನ ಮೊದಲ ಪುಟದಲ್ಲಿ, ಕಿಂಡರ್‌ಗಾರ್ಟನ್ ಎಂದರೆ ಮಕ್ಕಳ ತೋಟ ಎಂದು ಬರೆದಿದೆ. ಹೌದು, 1840ರಲ್ಲಿ ಆ ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಪಾದ್ರಿಯೊಬ್ಬರ ಮಗ. ಅವರು ಮಕ್ಕಳ ಕೈಗೆ ಮೊದಲು ಕೊಟ್ಟದ್ದು ಉಣ್ಣೆ ದಾರದ ಚೆಂಡು, ಆಮೇಲೆ ಮರದ ಗುಂಡು, ಮರದ ಚೌಕ. ನಿಮ್ಮ ತೋಟದಲ್ಲಿ ಮರಳಿನ ಗುಂಡಿ ಇದೆ. ಅದರ ಮೇಲೆ ಟಾರ್ಪಾಲು ಹೊದಿಸಿ ಸ್ಟಾಫಿನವರ ಸ್ಕೂಟರ್ ನಿಲ್ಲಿಸಿದ್ದಾರೆ. ಆಟಿಕೆ ಕೋಣೆಗೆ ಬೀಗ. ಚಟುವಟಿಕೆ ಶುಲ್ಕ ಅಂತ 4,000 ರೂಪಾಯಿ ಮಾತ್ರ ರಸೀದಿಯಲ್ಲಿ ಬೇರೆಯೇ ಇದೆ.

ಇನ್ನು ನಕ್ಷತ್ರದ ವಿಷಯ. ಇದು ನನಗೆ ಗ್ರೇಡಿಗಿಂತ ಹೆಚ್ಚು ನೋವು ಕೊಟ್ಟದ್ದು. ಕ್ಲಾಸಿನ ಗೋಡೆಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಬಣ್ಣದ ನಕ್ಷತ್ರ ಅಂಟಿಸುತ್ತಾರೆ. ಕನ್ನಡ ಅಥವಾ ತುಳು ಮಾತಾಡಿದರೆ ಒಂದು ಕಿತ್ತುಬಿಡುತ್ತಾರೆ. ನನ್ನ ಮಗಳ ಹೆಸರಿನ ಮುಂದೆ ಈಗ ಒಂದೂ ಇಲ್ಲ. ಅವಳು ‘ಸೈಲೆಂಟ್’ ಆದದ್ದು ಯಾಕೆ ಎಂದು ಇನ್ನೂ ವಿವರಿಸಬೇಕಾ? ಹೊಟ್ಟೆ ನೋವು ಎಂದು ಇಂಗ್ಲಿಷಿನಲ್ಲಿ ಹೇಳಲು ಬಾರದೆ ಒಂದು ಮಧ್ಯಾಹ್ನ ಪೂರ್ತಿ ಸುಮ್ನೆ ಕೂತಿದ್ದಳು. ಇಂಗ್ಲಿಷ್ ಕಲಿಸಿ, ಬೇಡ ಎಂದಿಲ್ಲ. ಕಲಿಯಲಿ ಎಂದೇ ಕಳಿಸಿದ್ದು. ಆದರೆ ಇದನ್ನು ಶಾಲೆಯ ‘ಸಂಪ್ರದಾಯ’ ಎಂದು ನಿಮ್ಮ ಕಚೇರಿಯವರು ಹೇಳಿದಾಗ ನನಗೆ ಸುಮ್ಮನಿರಲು ಆಗಲಿಲ್ಲ. ಅವರ ತಲೆಯ ಹಿಂದೆಯೇ ಕಿಟ್ಟೆಲ್ ಅವರ ಚಿತ್ರವಿರುವ ಕ್ಯಾಲೆಂಡರ್ ತೂಗುತ್ತಿತ್ತು. ಈ ಊರಿನಲ್ಲಿ ಮಿಷನರಿಗಳು ಮಾಡಿದ್ದು ಏನು? 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು, ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ವರ್ಷಗಟ್ಟಲೆ ಕೂತು ಕನ್ನಡದ ಒಂದೊಂದೇ ಪದ ಆಯ್ದು ನಿಘಂಟು ಮಾಡಿದರು, 1894ರಲ್ಲಿ ಅದು ಅಚ್ಚಾದದ್ದು ಇಲ್ಲೇ, ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಅವರು ನಿಮ್ಮ ಯುಕೆಜಿ ‘ಬಿ’ಗೆ ಬಂದರೆ ಅವರಿಗೂ ನಕ್ಷತ್ರ ಉಳಿಯುವುದಿಲ್ಲ.

ಪ್ರಾರ್ಥನೆಯ ಗ್ರೇಡಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಇದು ನನ್ನ ಮಗಳಿಗಷ್ಟೇ ಸಂಬಂಧಿಸಿದ್ದಲ್ಲ. ಬ್ಯಾರಿ ಮನೆಯ ಹುಡುಗನಿಗೂ ಅದೇ ಸಾಲಿನಲ್ಲಿ ಗ್ರೇಡ್ ಹಾಕಿದ್ದೀರಿ. ಅವನಿಗೆ ಎ. (ಅವನ ತಾಯಿ ಅದನ್ನು ಹೇಳುವಾಗ ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು.) ಮಾನ್ಯತೆ ಪಡೆದ ಅಥವಾ ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ನೀವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೀರಿ, ನಿಜ. ನಾವೆಲ್ಲ ಸಹಿ ಹಾಕಿದ್ದು ಕಥೆಗೆ, ಹಾಡಿಗೆ, ಊಟದ ಮೊದಲಿನ ಪ್ರಾರ್ಥನೆಗೆ. ಪರೀಕ್ಷೆಗೆ ಯಾರೂ ಸಹಿ ಹಾಕಿಲ್ಲ.

ಇದನ್ನೆಲ್ಲ ಬಾಯಿಮಾತಿನಲ್ಲಿ ಎರಡು ಸಲ ಹೇಳಿದ್ದೇನೆ. "ಸಿಸ್ಟಂ ಹಾಗಿದೆ ಮೇಡಂ" ಎಂಬ ಉತ್ತರ ಬಂತು. ಆಗಸ್ಟ್ 12ರಂದು ಡೈರಿಯಲ್ಲಿ ಅರ್ಧ ಪುಟ ಬರೆದು ಕಳಿಸಿದೆ. ಮರುದಿನ ಡೈರಿ ವಾಪಸ್ ಬಂತು. ನನ್ನ ಬರಹದ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ರೈಟ್ ಮಾರ್ಕ್ ಇತ್ತು, ಅಷ್ಟೇ. ನನ್ನ ಕನ್ನಡಕ್ಕಾದರೂ ರೈಟ್ ಸಿಕ್ಕಿತಲ್ಲ ಎಂದುಕೊಂಡೆ.

ನಾನು ಕೇಳುವುದು ಇಷ್ಟು. ಪ್ರಗತಿ ಪತ್ರದಿಂದ ಪ್ರಾರ್ಥನೆಯ ಸಾಲನ್ನು ಎಲ್ಲ ಮಕ್ಕಳಿಗೂ ತೆಗೆಯಿರಿ, ಹೊಸ ಪತ್ರ ಕೊಡಿ. ನಕ್ಷತ್ರ ಕೀಳುವುದನ್ನು ನಾಳೆಯಿಂದಲೇ ನಿಲ್ಲಿಸಿ, ಇದಕ್ಕೆ ಮೀಟಿಂಗ್ ಬೇಕಾಗಿಲ್ಲ. ದಸರಾ ರಜೆ ಮುಗಿಯುವುದರೊಳಗೆ ‘ಬಿ’ ವಿಭಾಗಕ್ಕೆ ಇನ್ನೊಬ್ಬ ಟೀಚರ್ ಮತ್ತು ಪೂರ್ತಿ ದಿನದ ಒಬ್ಬ ಆಯಮ್ಮನನ್ನು ಕೊಡಿ. ಪುಸ್ತಕಗಳು ಶಾಲೆಯಲ್ಲೇ ಇರಲಿ. ಮರಳಿನ ಗುಂಡಿಯ ಟಾರ್ಪಾಲು ತೆಗೆಸಿ, ಆಟಿಕೆ ಕೋಣೆ ತೆರೆಯಿರಿ. ಅದು ಆಗದಿದ್ದರೆ 4,000 ರೂಪಾಯಿ ಹಿಂದಿರುಗಿಸಿ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಇದೇ ಪತ್ರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡುತ್ತೇನೆ. ಇನ್ನೂ ಹನ್ನೊಂದು ಮಕ್ಕಳ ಪೋಷಕರು ಸಹಿ ಹಾಕಲು ಒಪ್ಪಿದ್ದಾರೆ.

ಇನ್ನೊಂದು ಮಾತು. ಆ ಎಲ್‌ಕೆಜಿ ಟೀಚರ್ ಶಾಲೆ ಬಿಟ್ಟು ಹೋಗಿಲ್ಲ. ಅವರಿಗೆ ಕಂಪ್ಯೂಟರ್ ಬರುತ್ತದೆ ಎಂದು ಜೂನ್‌ನಿಂದ ನೀವು ಅವರನ್ನು ಫೀಸ್ ಕೌಂಟರಿನಲ್ಲಿ ಕೂರಿಸಿದ್ದೀರಿ. ಕಳೆದ ವಾರ ಎರಡನೇ ಕಂತು ಕಟ್ಟಲು ಹೋದಾಗ ಮಗಳು ಜೊತೆಗಿದ್ದಳು. ಕೌಂಟರಿನ ಕಂಡಿಯೊಳಗೆ ಕೈ ತೂರಿಸಿ, ಉಳಿದ ಕುರಿಗಳನ್ನು ಯಾರು ನೋಡಿಕೊಂಡರು ಎಂದು ಅವರನ್ನೇ ಕೇಳಿದಳು. ಅವರು ರಸೀದಿ ಕೊಡುವುದನ್ನು ನಿಲ್ಲಿಸಿ ಉತ್ತರ ಹೇಳಲು ಶುರು ಮಾಡಿದರು. ನನ್ನ ಹಿಂದೆ ಕ್ಯೂ ಇತ್ತು, ಯಾರೋ ಗದರಿದರು, ಅರ್ಧಕ್ಕೇ ನಿಂತಿತು. ದಯವಿಟ್ಟು ಕೌಂಟರಿಗೆ ಬೇರೆ ಯಾರನ್ನಾದರೂ ಕೂರಿಸಿ, ಅವರನ್ನು ಮಕ್ಕಳ ಹತ್ತಿರ ಕಳಿಸಿ.

ಇಂತಿ,
ಯುಕೆಜಿ ‘ಬಿ’ ವಿಭಾಗದ ಮಗುವೊಂದರ ತಾಯಿ

ಲಗತ್ತು: ಪ್ರಗತಿ ಪತ್ರದ ಪ್ರತಿ, ಫೀಸ್ ರಸೀದಿಯ ಪ್ರತಿ, ಆಗಸ್ಟ್ 12ರ ಡೈರಿ ಪುಟ (ರೈಟ್ ಮಾರ್ಕ್ ಸಹಿತ).